ಎರಡಡಿ ಎತ್ತರದ ತಪ್ಪು

ಚಾಮರಾಜಪೇಟೆಯಲ್ಲಿ ಬರೀ ಲಕ್ಷ್ಮಯ್ಯ ಎಂದು ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ರೇಡಿಯೊ ಲಕ್ಷ್ಮಯ್ಯ ಎಂದರೆ ಮೂಲೆಯಲ್ಲಿ ಹೂ ಮಾರುವವಳೂ ಮನೆ ತೋರಿಸುತ್ತಾಳೆ. ಮೂವತ್ತನಾಲ್ಕು ವರ್ಷ ಅವರು ಸರ್ಕಾರಿ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದಲ್ಲಿದ್ದರು. ಬೇರೆಯವರು ಜೋಡಿಸಿದ ಯಂತ್ರವನ್ನು ಅಳೆದು ‘ಸರಿ’ ಎಂದೋ ‘ವಾಪಸ್’ ಎಂದೋ ಚೀಟಿ ಅಂಟಿಸುವುದು ಅವರ ಕೆಲಸ. ಚೀಟಿ ಅಂಟಿದ ಮೇಲೆ ಆ ವಿಷಯದಲ್ಲಿ ಯಾರೂ ಎರಡನೇ ಮಾತು ಆಡುವಂತಿರಲಿಲ್ಲ. ನಿವೃತ್ತಿಯಾಗಿ ಐದು ವರ್ಷವಾದರೂ ಆ ಅಭ್ಯಾಸ ಅವರನ್ನು ಬಿಟ್ಟಿರಲಿಲ್ಲ.

ನಿವೃತ್ತಿಯ ನಂತರ ಮನೆಯ ಮುಂಗೋಣೆಯಲ್ಲೇ ಮೇಜು ಹಾಕಿಕೊಂಡು ಹಳೆಯ ಆಂಪ್ಲಿಫೈಯರು, ಸ್ಪೀಕರುಗಳನ್ನು ರಿಪೇರಿ ಮಾಡತೊಡಗಿದರು. ಅದರಲ್ಲೂ ಎಲೆಕ್ಟ್ರೊಸ್ಟಾಟಿಕ್ ಸ್ಪೀಕರ್ ಬಿಚ್ಚುವ ಧೈರ್ಯ ಇರುವವರು ಊರಿನಲ್ಲಿ ನಾಲ್ಕೈದು ಜನರಿದ್ದರೆ ಹೆಚ್ಚು. ಅದರೊಳಗೆ ಕಾಗದದ ಶಂಕುವಿಲ್ಲ, ಅಯಸ್ಕಾಂತವಿಲ್ಲ. ತೂತು ತೂತಾದ ಎರಡು ತಗಡಿನ ಹಲಗೆಗಳ ನಡುವೆ ಹಾಲಿನ ಕೆನೆಗಿಂತ ತೆಳ್ಳಗಿನ ಪ್ಲಾಸ್ಟಿಕ್ ಪದರ. ಸಾವಿರಾರು ವೋಲ್ಟಿನ ಬಲದಲ್ಲಿ ಅದು ಹಿಂದೆ ಮುಂದೆ ಅಲುಗಿ ಹಾಡು ಹೊರಡುತ್ತದೆ. ದನಿ ಎದುರಿಗೆ ಎಷ್ಟು ಬರುತ್ತದೋ ಬೆನ್ನಿಗೂ ಅಷ್ಟೇ ಬರುತ್ತದೆ. ಹಾಗಾಗಿ ಇವುಗಳನ್ನು ತಂದು ಎಲ್ಲೋ ಒಂದು ಕಡೆ ಇಟ್ಟುಬಿಡುವಂತಿಲ್ಲ. ಕೋಣೆಗೆ ತಕ್ಕಂತೆ ಅವನ್ನು ಒಗ್ಗಿಸಬೇಕು. ಒಗ್ಗಿಸುವುದರಲ್ಲಿ ಲಕ್ಷ್ಮಯ್ಯ ಎತ್ತಿದ ಕೈ ಎಂಬ ಮಾತಿತ್ತು.

ಗವಿಪುರದ ಕಾವೇರಮ್ಮನವರ ಮನೆಯಲ್ಲಿ ಅಂಥದ್ದೊಂದು ಜೊತೆಯಿತ್ತು. ಇಂಗ್ಲೆಂಡಿನಲ್ಲಿ ಅರವತ್ತರ ದಶಕದಲ್ಲಿ ಮಾಡಿದ್ದು. ಕಂಪನಿಯೊಂದರ ಬಿಳಿ ಮ್ಯಾನೇಜರು ಬೆಂಗಳೂರು ಬಿಟ್ಟು ಹೊರಟಾಗ ಕಾವೇರಮ್ಮನವರ ಪತಿ ಶ್ರೀನಿವಾಸಯ್ಯ ಕೊಂಡು ತಂದಿದ್ದರು. ಶ್ರೀನಿವಾಸಯ್ಯನವರು ರಾಮನವಮಿಯ ಚಪ್ಪರಗಳಲ್ಲಿ ಕೂತು ಟೇಪು ಮಾಡಿಕೊಂಡ ಕಚೇರಿಗಳು ಒಂದು ಕಪಾಟು ತುಂಬ ಇದ್ದವು. ಅವರು ತೀರಿಕೊಂಡ ಮೇಲೂ ಶನಿವಾರ ಸಂಜೆ ಐದಕ್ಕೆ ಏಳೆಂಟು ಜನ ಸೇರಿ ಅವನ್ನು ಕೇಳುವ ಪದ್ಧತಿ ನಿಂತಿರಲಿಲ್ಲ. ಸ್ಪೀಕರುಗಳು ಚಟಚಟ ಸಿಡಿದು ಮೌನವಾದಾಗ ಮಗ ಸಂಕರ್ಷಣ ವಿಚಾರಿಸಿಕೊಂಡು ಲಕ್ಷ್ಮಯ್ಯನವರ ಬಾಗಿಲಿಗೆ ಬಂದರು. ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಹೇಳಿಕೊಡುವ ಮನುಷ್ಯ. ಪ್ಲಗ್ ಹಾಕುವುದಕ್ಕೂ ಹಿಂದೆ ಮುಂದೆ ನೋಡುವವರು.

ಲಕ್ಷ್ಮಯ್ಯ ಮೊದಲ ದಿನ ಆ ಮನೆಯ ಹೊಸ್ತಿಲು ದಾಟಿದಾಗ ಕಾವೇರಮ್ಮ ಚಾಪೆಯ ಮೇಲೆ ಕೂತು ಯಾರದೋ ತಂಬೂರಿಗೆ ಜೀವಾಳಿ ಕೂರಿಸುತ್ತಿದ್ದರು. ತಂತಿಯ ಕೆಳಗೆ ಒಂದೆಳೆ ದಾರ ಸೇರಿಸಿ, ಕೂದಲೆಳೆಯಷ್ಟು ಆಚೆ ಈಚೆ ಸರಿಸಿ, ನಾದ ಬಿಡಿಸುವ ಕೆಲಸ. ಸುತ್ತಮುತ್ತಲ ಸಂಗೀತದ ಮಕ್ಕಳೆಲ್ಲ ಅದಕ್ಕಾಗಿ ಅವರ ಬಳಿಗೇ ಬರುತ್ತಿದ್ದರು. ಎಂಬತ್ತೆರಡು ವರ್ಷ. ತಲೆ ಎತ್ತದೆ, “ಸಂಕರ್ಷಣಾ, ಮೊದಲು ಅವರಿಗೆ ಕುರ್ಚಿ ಹಾಕೋ. ಬನ್ನಿ, ಕೂತ್ಕೊಳ್ಳಿ,” ಎಂದರು.

ಬೆತ್ತದ ಕುರ್ಚಿ. ಆ ಹಜಾರದಲ್ಲಿ ಇದ್ದದ್ದೇ ಅದೊಂದು. ಲಕ್ಷ್ಮಯ್ಯನವರ ತಂದೆ ಇದೇ ಬೀದಿಗಳಲ್ಲಿ ಮನೆಗಳಿಗೆ ಸುಣ್ಣ ಬಳಿದವರು. ಅವರಿಗೆ ಕಾಫಿ ಸಿಗುತ್ತಿದ್ದದ್ದು ಹಿತ್ತಿಲಲ್ಲಿ, ನಿಂತುಕೊಂಡು, ಅವರಿಗೆಂದೇ ಗೂಡಿನಲ್ಲಿಟ್ಟ ಲೋಟದಲ್ಲಿ. ಲಕ್ಷ್ಮಯ್ಯ ಇದನ್ನು ಯಾರೆದುರೂ ಆಡುವವರಲ್ಲ. ಆದರೆ ಆ ಕುರ್ಚಿಯಲ್ಲಿ ಬೆನ್ನು ಕೊಟ್ಟು ಕೂತಾಗ ಅವರ ಮನಸ್ಸಿಗೆ ಹಿತವಾಯಿತು. ಮುಂದಿನ ಎರಡು ತಿಂಗಳು ಅಲ್ಲಿಗೆ ಹೋದಾಗಲೆಲ್ಲ ಅವರು ಕೂತದ್ದು ಅದರಲ್ಲೇ.

ಕೆಲಸವನ್ನು ಅವರು ಶ್ರದ್ಧೆಯಿಂದ ಮಾಡಿದರು. ಹರಿದ ಪದರ ತೆಗೆದು ಹೊಸದನ್ನು ಎಳೆದು ಕಟ್ಟಿದರು. ವೋಲ್ಟೇಜ್ ಏರಿಸುವ ಭಾಗವನ್ನು ಹೊಸದಾಗಿ ಕಟ್ಟಿದರು. ಆಮೇಲೆ ಕೋಣೆಯ ಕಡೆ ತಿರುಗಿದರು. ಹನ್ನೆರಡು ಅಡಿಗೆ ಹದಿನಾಲ್ಕು ಅಡಿಯ ಹಜಾರ, ಕೆಂಪು ಗಾರೆಯ ನೆಲ, ಹಿಂದೆ ಬರೀ ಗೋಡೆ. ಬೆನ್ನಿನ ದನಿ ಗೋಡೆಗೆ ಬಡಿದು ವಾಪಸ್ ಬಂದು ಎದುರಿನ ದನಿಯನ್ನು ಕಲಸುತ್ತಿತ್ತು. ಸ್ಪೀಕರುಗಳ ಬೆನ್ನಿಗೆ ದಪ್ಪ ಉಣ್ಣೆಯ ಹಾಸು ಅಂಟಿಸಿದರು. ಇನ್ನು ಸ್ಪೀಕರಿನ ಎತ್ತರ. ಮೂರಿಂಚಿನ ಮರದ ಕಾಲುಗಳ ಮೇಲೆ ಸ್ವಲ್ಪ ಹಿಂದಕ್ಕೆ ವಾಲಿಕೊಂಡು, ಅವು ನೆಲಕ್ಕೆ ಅಂಟಿದ ಹಾಗೆ ನಿಂತಿದ್ದವು. ಇದು ಈ ಮಾದರಿಯ ಹುಟ್ಟು ದೋಷ ಎಂದು ಲಕ್ಷ್ಮಯ್ಯ ಅಂತರ್ಜಾಲದಲ್ಲಿ ಓದಿದ್ದರು. ಪರದೇಶದ ಮಾಲೀಕರೆಲ್ಲ ಎತ್ತರಿಸಿಕೊಂಡಿದ್ದರು. ಇವರೂ ಮರದ ಕಾಲುಗಳನ್ನು ಗರಗಸದಲ್ಲಿ ಕೊಯ್ದು, ಎರಡಡಿ ಎತ್ತರದ ಕಬ್ಬಿಣದ ಸ್ಟ್ಯಾಂಡಿಗೆ ಮೊದಲಿನಂತೆಯೇ ಹಿಂದಕ್ಕೆ ವಾಲಿಸಿ ಬೋಲ್ಟು ಹಾಕಿ ಕೂರಿಸಿದರು. ಕುರ್ಚಿಯಲ್ಲಿ ಕೂತವರ ಕಿವಿಯ ಮಟ್ಟಕ್ಕೆ ಮೈಕು ನಿಲ್ಲಿಸಿ ಅಳೆದರು. ಲ್ಯಾಪ್‌ಟಾಪಿನಲ್ಲಿ ಗೆರೆ ನೆಟ್ಟಗೆ ಬಂತು, ಅಂದರೆ ದಪ್ಪ ದನಿ ಸಣ್ಣ ದನಿ ಎರಡೂ ಸಮ. ಅವರ ಲೆಕ್ಕದಲ್ಲಿ ‘ಸರಿ’ ಚೀಟಿ ಅಂಟಿಸಿ ಆಯಿತು.

ಶನಿವಾರದ ಕೂಟಕ್ಕೆ ಅವರನ್ನೂ ಕರೆದರು. ವೀಣೆಯ ಟೇಪು. ಎಲ್ಲರೂ ಚಾಪೆಯ ಮೇಲೆ, ಲಕ್ಷ್ಮಯ್ಯ ಕುರ್ಚಿಯ ಮೇಲೆ. ಅವರಿಗೆ ವಾದಕರ ಉಗುರು ತಂತಿಗೆ ತಾಗುವುದೂ ಕೇಳಿಸುತ್ತಿತ್ತು. ಇಂಥ ಕೆಲಸ ತಾವು ಹಿಂದೆ ಮಾಡಿಲ್ಲ ಎನ್ನಿಸಿತು. ಟೇಪು ಮುಗಿದಾಗ, ಪಕ್ಕದ ಬೀದಿಯ ಶ್ರೀಹರಿ ಎಂಬ ನಿವೃತ್ತ ಬ್ಯಾಂಕ್ ಅಧಿಕಾರಿ, “ಫಸ್ಟ್ ಕ್ಲಾಸ್!” ಎಂದು ಚಪ್ಪಾಳೆ ತಟ್ಟಿದರು. ಉಳಿದವರೂ ತಲೆಯಾಡಿಸಿದರು.

ಕಾವೇರಮ್ಮ ಮಾತ್ರ ತಲೆಯಾಡಿಸಲಿಲ್ಲ. “ನಾದ ಬರ್ತಿದೆ. ಮೀಟು ಬರ್ತಿಲ್ವಲ್ಲ,” ಎಂದರು. “ಬೆರಳು ತಂತಿ ಮುಟ್ಟೋದು ನಂಗೆ ಕೇಳಿಸ್ಲೇ ಇಲ್ಲ. ಎಲ್ಲ ಕಂಬಳಿ ಹೊದ್ದ ಹಂಗಿದೆ. ಮೊದಲು ಹೀಗಿರಲಿಲ್ಲ.”

ಎಂಟು ಜನರ ಕಣ್ಣು ಲಕ್ಷ್ಮಯ್ಯನವರ ಕಡೆ ತಿರುಗಿತು. ಅವರ ಕಿವಿ ಬಿಸಿಯಾಯಿತು. ಲ್ಯಾಪ್‌ಟಾಪ್ ತೆರೆದು ಗೆರೆ ತೋರಿಸಿದರು. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

“ಸ್ಪೀಕರ್ ಸರಿಯಾಗಿದೆಮ್ಮ. ಎಂಬತ್ತು ದಾಟಿದ ಮೇಲೆ ಕಿವಿಗೆ ಮೊದಲು ಹೋಗೋದೇ ಮೇಲು ಸ್ಥಾಯಿಯ ಸಣ್ಣ ದನಿ. ಒಂದ್ಸಲ ಕಿವಿ ತೋರಿಸ್ಕೊಂಡ್ಬಿಡಿ.”

“ಹಂಗಾದ್ರೆ ಅದನ್ನೂ ನೀವೇ ಬಿಚ್ಚಿ ರಿಪೇರಿ ಮಾಡ್ಕೊಟ್ಬಿಡಿ ಲಕ್ಷ್ಮಯ್ಯನವರೇ,” ಎಂದರು ಶ್ರೀಹರಿ. ಎಲ್ಲರೂ ನಕ್ಕರು. ಕಾವೇರಮ್ಮನೂ ನಕ್ಕರು. ನಗುವಾಗ ಅವರ ಬಲಗೈ ತನ್ನಷ್ಟಕ್ಕೆ ಕಿವಿಯ ಹತ್ತಿರ ಹೋದದ್ದನ್ನು ಲಕ್ಷ್ಮಯ್ಯ ನೋಡಿದ್ದರು. ಗೆದ್ದ ಖುಷಿಯಲ್ಲಿ ಅದನ್ನು ಅಲ್ಲಿಗೇ ಮರೆತರು.

ಮೂರು ತಿಂಗಳ ಮೇಲೆ ಒಂದು ಮಂಗಳವಾರ ಸಂಕರ್ಷಣ ಫೋನ್ ಮಾಡಿದರು. “ನೀವು ಹೇಳಿದ್ರಲ್ಲ, ಅಮ್ಮನ್ನ ಕಿವಿ ಮಿಷನ್ ಅಂಗಡಿಗೆ ಕರ್ಕೊಂಡು ಹೋಗಿದ್ವಿ. ಒಂದು ಹಾಕ್ಸಿದ್ವಿ. ಅದು ಸುಮ್ನೆ ಕುಯ್ಯೋ ಅನ್ನುತ್ತೆ. ಅಂಗಡಿಯೋರು ನಾಳೆ ಬನ್ನಿ ನಾಡಿದ್ದು ಬನ್ನಿ ಅಂತಾರೆ. ನೀವೊಂದ್ಸಲ ನೋಡ್ತೀರಾ?”

ಹೋದರು. ಹಜಾರದಲ್ಲಿ ವೀಣೆಯ ಟೇಪು ಮೆಲ್ಲಗೆ ಓಡುತ್ತಿತ್ತು. ಬಾಗಿಲಲ್ಲಿ ಮಧುರಾ ಎಂಬ ಕಾಲೇಜು ಹುಡುಗಿ ತಂಬೂರಿ ತಬ್ಬಿಕೊಂಡು ನಿಂತಿದ್ದಳು. ಕಾವೇರಮ್ಮ ಅವಳಿಗೆ, “ಬೇರೆ ಯಾರ ಹತ್ರನಾದ್ರೂ ಕೂರಿಸ್ಕೊಳಮ್ಮ. ನನ್ನ ಕಿವಿ ನಂಬ್ಕೊಂಡ್ರೆ ನಿನ್ನ ತಂಬೂರಿ ಹಾಳಾಗುತ್ತೆ,” ಎನ್ನುತ್ತಿದ್ದರು. ಹುಡುಗಿ, “ಸ್ವಲ್ಪ ನೋಡಿ ಅಜ್ಜಿ, ಪ್ಲೀಸ್,” ಎಂದಳು. “ಇಲ್ಲಮ್ಮ,” ಎಂದರು ಕಾವೇರಮ್ಮ. ಎರಡು ತಿಂಗಳಿಂದ ಅವರು ಒಂದು ತಂಬೂರಿಯನ್ನೂ ಮುಟ್ಟಿರಲಿಲ್ಲ. ಹುಡುಗಿ ತಂಬೂರಿ ಎತ್ತಿಕೊಂಡು ಮೆಟ್ಟಿಲಿಳಿದಳು.

ಲಕ್ಷ್ಮಯ್ಯ ಎಂದಿನಂತೆ ಕುರ್ಚಿಯಲ್ಲಿ ಕೂತು ಮಿಷನ್ನಿನ ಬ್ಯಾಟರಿ ಬಿಚ್ಚಿದರು. ಕಡಲೆಕಾಳಿನಷ್ಟಿದ್ದ ಅದರ ಮುಚ್ಚಳ ಕೈಜಾರಿ ಚಾಪೆಯ ಅಡಿಗೆ ಉರುಳಿತು. ಹುಡುಕಲು ಅವರು ನೆಲಕ್ಕೆ ಇಳಿದರು. ಮಂಡಿಯೂರಿ ಚಾಪೆ ಎತ್ತುವಾಗ ವೀಣೆಯ ಮೀಟು ಇದ್ದಕ್ಕಿದ್ದಂತೆ ಇಲ್ಲವಾಯಿತು.

ಮೊದಲು ಟೇಪು ಕೆಟ್ಟಿತೆಂದುಕೊಂಡರು. ತಲೆ ಮೇಲೆತ್ತಿದರು. ಮೀಟು ಬಂತು. ತಗ್ಗಿಸಿದರು. ಹೋಯಿತು. ಕಾವೇರಮ್ಮ ಕೂತಿದ್ದ ಮಟ್ಟದಲ್ಲಿ ಕೇಳಿಸುತ್ತಿದ್ದದ್ದು ಕಂಬಳಿ ಹೊದ್ದ ನಾದ ಮಾತ್ರ.

ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಈ ಸ್ಪೀಕರಿನ ಸಣ್ಣ ದನಿಗಳು ಟಾರ್ಚಿನ ಬೆಳಕಿನಂತೆ ನೆಟ್ಟಗೆ ಹೋಗುತ್ತವೆ, ಅಕ್ಕಪಕ್ಕಕ್ಕೆ ಚೆಲ್ಲುವುದಿಲ್ಲ. ಎರಡಡಿ ಎತ್ತರಿಸಿ, ಹಿಂದಕ್ಕೆ ವಾಲಿದ್ದನ್ನು ಹಾಗೇ ಬಿಟ್ಟಿದ್ದರಿಂದ ಅವು ನೆಲದಲ್ಲಿ ಕೂತವರ ನೆತ್ತಿಯ ಮೇಲೆ ಹಾದು ಹೋಗುತ್ತಿದ್ದವು. ಗೋಡೆಗೆ ಬಡಿದು ಕೆಳಕ್ಕೆ ಬರುತ್ತಿದ್ದ ಅಷ್ಟಿಷ್ಟನ್ನೂ ಉಣ್ಣೆಯ ಹಾಸು ನುಂಗಿತ್ತು. ಪರದೇಶದವರು ಸೋಫಾದ ಮೇಲೆ ಕೂರುತ್ತಾರೆ, ಅವರಿಗೆ ಎತ್ತರ ಬೇಕು. ಈ ಮನೆಯವರು ಐವತ್ತು ವರ್ಷದಿಂದ ಚಾಪೆಯ ಮೇಲೆ ಕೂತು ಕೇಳಿದವರು. ಅವರಿಗೆ ಆ ಗಿಡ್ಡ ಕಾಲುಗಳೇ ಹೇಳಿ ಮಾಡಿಸಿದಂತಿದ್ದವು. ಎರಡು ತಿಂಗಳು ಈ ಹಜಾರದಲ್ಲಿ ಓಡಾಡಿದ ಮನುಷ್ಯ ಒಂದೇ ಒಂದು ಸಲ ಕೆಳಗೆ ಕೂತು ಕೇಳಿರಲಿಲ್ಲ. ಯಾಕೆ ಎಂಬುದು ಅವರೊಬ್ಬರಿಗೇ ಗೊತ್ತಿತ್ತು.

“ಸಿಕ್ತಾ?” ಎಂದರು ಕಾವೇರಮ್ಮ.

“ಸಿಕ್ತಮ್ಮ.” ಅವರು ಮುಚ್ಚಳ ಕೂರಿಸಿದರು. “ಬ್ಯಾಟರಿ ಸರಿಯಾಗಿ ಕೂತಿರಲಿಲ್ಲ, ಅಷ್ಟೇ.”

“ನೀವು ಅವತ್ತು ಹೇಳಿದ್ದು ಒಳ್ಳೇದೇ ಆಯ್ತು ಲಕ್ಷ್ಮಯ್ಯನವರೇ. ಮನೆಯೋರು ಯಾರೂ ಹೇಳ್ತಿರಲಿಲ್ಲ. ನಾನು ಕೆಟ್ಟ ಕಿವಿ ಇಟ್ಕೊಂಡು ಊರ ತಂಬೂರಿಯೆಲ್ಲ ಕೆಡಿಸ್ತಿದ್ದೆ.”

ಹೇಳುವುದಾದರೆ ಆಗಲೇ ಹೇಳಬೇಕಿತ್ತು. ಲಕ್ಷ್ಮಯ್ಯ ಚೀಲ ಹೆಗಲಿಗೇರಿಸಿಕೊಂಡು, ಕಾಫಿ ಬೇಡವೆಂದು, ಹೊರಟುಬಿಟ್ಟರು.

ಮನೆಯಲ್ಲಿ ಹೆಂಡತಿ ಹನುಮಕ್ಕ ಊಟಕ್ಕೆ ಎರಡು ಸಲ ಕರೆದಳು. ಮೂರನೇ ಸಲ ಬಾಗಿಲಿಗೆ ಬಂದು, “ಮನೇಲಿ ಹೆಂಡ್ತಿ ಕೂಗಿದ್ರೆ ಕೇಳ್ಸಲ್ಲ, ಊರೋರ ಕಿವಿ ನೋಡಕ್ಕೆ ಹೋಗಿದ್ದಾ?” ಎಂದಳು. ಅವಳು ಸುಮ್ಮನೆ ರೇಗಿಸಿದ್ದು. ಆದರೆ ಲಕ್ಷ್ಮಯ್ಯ ಮುಖ ತಿರುಗಿಸಿದ ರೀತಿ ನೋಡಿ ಒಳಗೆ ಬಂದು ಎದುರಿಗೆ ಕೂತಳು. ಅವರು ನಡೆದದ್ದೆಲ್ಲ ಹೇಳಿದರು.

“ಹೋಗಿ ಹೇಳ್ಬಿಡು,” ಎಂದಳು.

“ಹೇಳ್ತೀನಿ. ಒಂದು ಉಪಾಯ ಇದೆ. ಸರ್ವಿಸ್ ಅಂತ ಹೋಗಿ ಸ್ಟ್ಯಾಂಡ್ ಇಳಿಸಿಬಿಟ್ರೆ, ದನಿ ತಾನೇ ಸರಿಹೋಗುತ್ತೆ. ಮಿಷನ್ ಹಾಕ್ಕೊಂಡಿದ್ದಕ್ಕೆ ಕೇಳಿಸ್ತು ಅಂದ್ಕೋತಾರೆ.”

ಹನುಮಕ್ಕ ಎದ್ದು ಊಟದ ತಟ್ಟೆ ತಂದು ಅವರ ಮುಂದಿಟ್ಟಳು. “ಆವಾಗ ನಿನ್ನ ಹೆಸರು ಉಳೀತದೆ. ಆಯಮ್ಮ ಇಲ್ಲದ ಕಾಯಿಲೆಗೆ ಮಿಷನ್ ಹಾಕ್ಕೊಂಡೇ ಇರ್ಬೇಕು. ಅಲ್ವಾ?”

ಲಕ್ಷ್ಮಯ್ಯ ತಟ್ಟೆಯ ಮುಂದೆ ತಲೆ ತಗ್ಗಿಸಿದರು. ಬುಧವಾರ ಹೋಗಲಿಲ್ಲ. ಗುರುವಾರ ಮೋಟರ್ ಬೈಕು ತೆಗೆದು ಗವಿಪುರದ ದಾರಿಯಲ್ಲಿ ರಾಮಕೃಷ್ಣ ಆಶ್ರಮದ ತನಕ ಹೋಗಿ ತಿರುಗಿ ಬಂದರು. ಶುಕ್ರವಾರ ಗಿರಾಕಿಯೊಬ್ಬರು ಬಂದು, “ನೀವು ಹೇಳಿದ ಮೇಲೆ ಮುಗೀತು ಬಿಡಿ ಸಾರ್,” ಎಂದು ಯಾವುದೋ ಆಂಪ್ಲಿಫೈಯರಿನ ಬಗ್ಗೆ ಹೇಳಿದಾಗ, ಲಕ್ಷ್ಮಯ್ಯ ಆ ಮಾತನ್ನು ಕೇಳಿಸಿಕೊಳ್ಳಲಾಗದೆ ನೀರು ಕುಡಿಯುವ ನೆಪ ಮಾಡಿ ಒಳಗೆ ಹೋದರು. ಎಂಟು ಜನರೆದುರು ಆಡಿದ ಮಾತು. ಒಬ್ಬರ ಕಿವಿಯಲ್ಲಿ ಪಿಸುಗುಟ್ಟಿ ಅದನ್ನು ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ. ಇದು ಅವರಿಗೆ ಮಂಗಳವಾರವೇ ಗೊತ್ತಿತ್ತು.

ಶನಿವಾರ ಸಂಜೆ ಐದಕ್ಕೆ ಅವರು ಸ್ಪ್ಯಾನರ್ ಚೀಲದೊಂದಿಗೆ ಗವಿಪುರದ ಹಜಾರದಲ್ಲಿದ್ದರು. ಎಲ್ಲರೂ ಬಂದಿದ್ದರು. ಕಾವೇರಮ್ಮ ಚಾಪೆಯ ಮೇಲಲ್ಲ, ಅಡುಗೆಮನೆಯ ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತಿದ್ದರು. ಈಚೆಗೆ ಅಲ್ಲೇ ಕೂರುತ್ತಾರೆ, ‘ಕೇಳಿಸದ ಮೇಲೆ ಮುಂದೆ ಕೂತು ಏನು ಮಾಡಲಿ’ ಅಂತಾರೆ ಎಂದರು ಸಂಕರ್ಷಣ.

“ಟೇಪು ಹಾಕೋದಕ್ಕೆ ಮುಂಚೆ ಒಂದು ಮಾತು,” ಎಂದರು ಲಕ್ಷ್ಮಯ್ಯ. “ಕಾವೇರಮ್ಮನೋರು ಆ ಮಿಷನ್ ತೆಗೆದಿಟ್ಟು, ಒಂದು ನಿಮಿಷ ಈ ಕುರ್ಚೀಲಿ ಕೂರ್ಬೇಕು.”

“ನಂಗ್ಯಾಕಪ್ಪ ಕುರ್ಚಿ?”

“ದಯವಿಟ್ಟು ಕೂತ್ಕೊಳ್ಳಿ.”

ಸಂಕರ್ಷಣ ಕೈ ಹಿಡಿದು ಕೂರಿಸಿದರು. ಲಕ್ಷ್ಮಯ್ಯ ತಾವೇ ಹೋಗಿ ಅವತ್ತಿನ ವೀಣೆಯ ಟೇಪನ್ನು ಹಾಕಿದರು. ಕಾವೇರಮ್ಮನ ಬೆರಳು ತೊಡೆಯ ಮೇಲೆ ತಾಳ ಹಿಡಿಯಹೊರಟು ಅರ್ಧಕ್ಕೇ ನಿಂತಿತು.

“ಮೀಟು ಬಂತು,” ಎಂದರು.

“ಈಗ ಕೆಳಗೆ ಕೂತ್ಕೊಳ್ಳಿ.”

ಕೂತರು. ಕೇಳಿದರು. ಮತ್ತೆ ಕುರ್ಚಿಯನ್ನು ನೋಡಿದರು, ಸ್ಪೀಕರನ್ನು ನೋಡಿದರು, ಕೊನೆಗೆ ಲಕ್ಷ್ಮಯ್ಯನವರನ್ನು.

“ನಿಮ್ಮ ಕಿವಿ ಸರಿಯಾಗಿದೆ. ಅವತ್ತು ನೀವು ಹೇಳಿದ್ದೇ ಸರಿ. ಸ್ಪೀಕರನ್ನ ನಾನು ಕುರ್ಚೀಲಿ ಕೂರೋರಿಗೆ ಮಾಡಿಟ್ಟಿದ್ದೆ. ನೀವೆಲ್ಲ ಕೂರೋದು ಕೆಳಗೆ. ಅದು ನನ್ನ ತಪ್ಪು. ನಿಮ್ಮ ಕಿವಿ ಮೇಲೆ ಹಾಕಿದ್ದು ಅದಕ್ಕಿಂತ ದೊಡ್ಡ ತಪ್ಪು.”

ಶ್ರೀಹರಿ ಕೆಮ್ಮಿದರು. “ನಿಜ ಹೇಳ್ಬೇಕಂದ್ರೆ ನಂಗೂ ಮಂಕಾಗೇ ಕೇಳಿಸ್ತಿತ್ತು. ನೀವು ಗ್ರಾಫು ಗೀಫು ತೋರಿಸಿದ್ರಲ್ಲ, ನಂದೂ ವಯಸ್ಸಾಯ್ತೇನೋ ಅಂತ ಬಾಯಿ ಮುಚ್ಕೊಂಡೆ.”

“ಅವತ್ತು ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ನೀನೇ ಶ್ರೀಹರಿ,” ಎಂದರು ಕಾವೇರಮ್ಮ, ಅವರ ಕಡೆ ನೋಡದೆ. ಆಮೇಲೆ ಲಕ್ಷ್ಮಯ್ಯನವರಿಗೆ, “ಇದು ನಿಮಗೆ ಯಾವಾಗ ಗೊತ್ತಾಯ್ತು?” ಎಂದರು.

“ಮಂಗಳವಾರ. ಮುಚ್ಚಳ ಹುಡುಕಕ್ಕೆ ಬಗ್ಗಿದಾಗ.”

“ಮಂಗಳವಾರ. ನಾನು ನಿಮಗೆ ಒಳ್ಳೇದಾಯ್ತು ಅಂದಾಗ ಗೊತ್ತಿತ್ತು.”

“ಗೊತ್ತಿತ್ತು.”

“ಮತ್ತೆ ಇವತ್ತಿನ ತನಕ ಯಾಕೆ ಬೇಕಾಯ್ತು?”

ಬೇರೆ ಉತ್ತರಗಳನ್ನು ಅವರು ದಾರಿಯಲ್ಲಿ ಯೋಚಿಸಿಕೊಂಡು ಬಂದಿದ್ದರು. ಅವು ಯಾವುವೂ ಬಾಯಿಗೆ ಬರಲಿಲ್ಲ. “ಈ ಮನೇಲಿ ನನಗೊಂದು ಮರ್ಯಾದೆ ಇದೆ. ಅದು ಹೋಗುತ್ತೆ ಅಂತ,” ಎಂದರು.

“ನನ್ನ ಕಿವಿ ಹೋದ್ರೆ ಪರವಾಗಿಲ್ಲ.”

ಕಾವೇರಮ್ಮ ದನಿ ಏರಿಸಿ ಅಂದದ್ದಲ್ಲ. ಅದಕ್ಕೇ ಲಕ್ಷ್ಮಯ್ಯನವರಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಸಂಕರ್ಷಣ, “ಅಮ್ಮಾ, ಹೋಗ್ಲಿ ಬಿಡಮ್ಮ,” ಎಂದರು. “ನೀನು ಸುಮ್ನಿರು,” ಎಂದರು ಕಾವೇರಮ್ಮ. “ಅಂಗಡಿಗೆ ಕರ್ಕೊಂಡು ಹೋದೋನು ನೀನೇ. ಅಲ್ಲಿಯೋರು ವಯಸ್ಸಿಗೆ ತಕ್ಕಷ್ಟು ಇದೆ ಅಂದ್ರೂ ಹಾಕ್ಸಿದೋನು ನೀನೇ. ಲಕ್ಷ್ಮಯ್ಯನವರೇ, ಆ ಕಬ್ಬಿಣ ಬಿಚ್ಚಿ.”

ಬಿಚ್ಚಿದರು. ಎಂಟು ಜನ ನೋಡುತ್ತಿದ್ದರು. ಬೋಲ್ಟುಗಳನ್ನು ಅವರೇ ಬಿಗಿಯಾಗಿ ಹಾಕಿದ್ದರು, ಬೆವರಿಳಿಯಿತು. ಉಣ್ಣೆಯ ಹಾಸನ್ನು ಅರ್ಧ ಕಿತ್ತು ತೆಗೆದರು. ಸ್ಪೀಕರು ಕೆಳಗಿಳಿದಾಗ ಅದಕ್ಕೆ ನಿಲ್ಲಲು ಕಾಲಿರಲಿಲ್ಲ. ಕಾವೇರಮ್ಮ ಒಳಗೆ ಹೋಗಿ ಊಟಕ್ಕೆ ಕೂರುವ ಎರಡು ಮಣೆ ತಂದು ನೆಲಕ್ಕಿಟ್ಟರು. ಲಕ್ಷ್ಮಯ್ಯ ಅವುಗಳ ಮೇಲೆ ಸ್ಪೀಕರನ್ನಿಟ್ಟು, ಮುಂಭಾಗಕ್ಕೆ ಮಡಿಸಿದ ರಟ್ಟು ಕೊಟ್ಟು ಹಿಂದಕ್ಕೆ ವಾಲಿಸಿದರು. ಚಾಪೆಯ ಮೇಲೆ ಕೂತು ಕೇಳಿದರು. ಎದ್ದು, ರಟ್ಟಿನ ಒಂದು ಮಡಿಕೆ ತೆಗೆದರು. ಮತ್ತೆ ಕೂತು ಕೇಳಿದರು. ಅಳೆಯುವ ಮೈಕು ಚೀಲದಲ್ಲೇ ಉಳಿಯಿತು.

ಟೇಪನ್ನು ಮೊದಲಿನಿಂದ ಹಾಕಿದರು. ಕಾವೇರಮ್ಮ ಚಾಪೆಯ ಮಧ್ಯಕ್ಕೆ ಬಂದು ಕೂತು, ಕಣ್ಣು ಮುಚ್ಚಿ, ಪೂರ್ತಿ ಒಂದು ರಾಗ ಕೇಳಿದರು. ನಡುವೆ ಒಮ್ಮೆ, “ತಂಬೂರಿಯ ಪಂಚಮ ಒಂದೆಳೆ ಇಳಿದಿದೆ, ಅವತ್ತು ಕಚೇರೀಲೂ ಇಳಿದಿತ್ತು,” ಎಂದರು. ಲಕ್ಷ್ಮಯ್ಯನವರಿಗೆ ಅದು ಗೊತ್ತಾಗಲಿಲ್ಲ. ಬೇರೆ ಯಾರಿಗೂ ಗೊತ್ತಾದಂತೆ ಕಾಣಲಿಲ್ಲ. ರಾಗ ಮುಗಿದ ಮೇಲೆ ಅವರು ಮಗನ ಫೋನ್ ಇಸಿದುಕೊಂಡು ಮಧುರಾಗೆ ಫೋನ್ ಮಾಡಿದರು.

“ಯಾರ ಹತ್ರನಾದ್ರೂ ಕೂರಿಸ್ಕೊಂಡ್ಯಾ?... ಹಂಗಾದ್ರೆ ನಾಳೆ ಬೆಳಿಗ್ಗೆ ತಗೊಂಡ್ಬಾ. ನಾನೇ ನೋಡ್ತೀನಿ... ಏನೂ ಆಗಿಲ್ಲ. ಕಿವಿ ಚೆನ್ನಾಗಿದೆ. ಚೆನ್ನಾಗೇ ಇತ್ತಂತೆ.”

ಲಕ್ಷ್ಮಯ್ಯ ಸ್ಪ್ಯಾನರುಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಒರೆಸಿ ಚೀಲಕ್ಕೆ ಹಾಕಿದರು. ಒರೆಸುವಂಥದ್ದೇನೂ ಅವುಗಳ ಮೇಲಿರಲಿಲ್ಲ. ಎದ್ದು ನಿಂತರೆ ಎಲ್ಲರ ಮುಖ ನೋಡಬೇಕಾಗುತ್ತದೆ ಎಂದು ಆ ಕೆಲಸವನ್ನು ಲಂಬಿಸಿದರು. ಕೊನೆಗೆ ಸ್ಟ್ಯಾಂಡುಗಳನ್ನು ಎರಡು ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದರು.

“ಬರ್ತೀನಮ್ಮ,” ಎಂದರು.

ಆ ಮನೆಯಲ್ಲಿ ಹೊರಡುವವರಿಗೆ ಕಾವೇರಮ್ಮ ಯಾವಾಗಲೂ ‘ಹೋಗ್ಬಿಟ್ಟು ಬನ್ನಿ’ ಎನ್ನುತ್ತಾರೆ. ಅಂದು ತಲೆಯೆತ್ತಿ, ಮಣೆಯ ಮೇಲೆ ಕೂತ ಸ್ಪೀಕರುಗಳ ಕಡೆ ಗಲ್ಲ ತೋರಿಸಿದರು.

“ಅದಕ್ಕೆ ಮರದ ಕಾಲು ಮಾಡಿಸ್ಕೊಂಡೇ ಬನ್ನಿ.”